ಸ್ಯಾಕ್ಸೋಫೋನಿನ ಬಾಯಿಗೆ ಮೈಕ್: ಉಸಿರು ಒಬ್ಬರದು, ಹಿಡಿತ ಇನ್ನೊಬ್ಬರದು

ನಮ್ಮಲ್ಲಿ ಸಂಗೀತ ವಿಮರ್ಶೆ ಬರೆಯುವವರು ರಾಗದ ಬಗ್ಗೆ ಬರೆಯುತ್ತಾರೆ, ತಾಳದ ಬಗ್ಗೆ ಬರೆಯುತ್ತಾರೆ, ಕಲಾವಿದರ ಮನೋಧರ್ಮದ ಬಗ್ಗೆಯೂ ಬರೆಯುತ್ತಾರೆ. ಕಚೇರಿ ಕೆಟ್ಟಿದ್ದರೆ ಕೊನೆಯಲ್ಲಿ ‘ಧ್ವನಿವರ್ಧಕದ ವ್ಯವಸ್ಥೆ ಸಮರ್ಪಕವಾಗಿರಲಿಲ್ಲ’ ಎಂಬ ಒಂದು ಸಾಲು ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ಇಂದು ಸಭೆಯಲ್ಲಿ ಕೂತವನ ಕಿವಿಗೆ ಬೀಳುವುದು ವಾದ್ಯದ ಧ್ವನಿಯಲ್ಲ, ಸ್ಪೀಕರಿನ ಧ್ವನಿ. ವಾದ್ಯಕ್ಕೂ ಸ್ಪೀಕರಿಗೂ ನಡುವೆ ಒಂದು ಮೈಕು, ಒಂದು ಮಿಕ್ಸರು ಮತ್ತು ಅದರ ಮುಂದೆ ಕೂತ ಒಬ್ಬ ಮನುಷ್ಯ ಇದ್ದಾನೆ. ಕಚೇರಿಯಲ್ಲಿ ಇವರೂ ಪಾಲುದಾರರು. ಪಾಲುದಾರರ ಬಗ್ಗೆ ಒಂದು ಸಾಲು ಸಾಕೇ?

ಈ ಪ್ರಶ್ನೆ ಕರಾವಳಿಯಲ್ಲಿ ಬೇರೆಡೆಗಿಂತ ಹೆಚ್ಚು ಮುಖ್ಯ. ಸ್ಯಾಕ್ಸೋಫೋನನ್ನು ಇಷ್ಟು ಆಪ್ತವಾಗಿ ತನ್ನದಾಗಿಸಿಕೊಂಡ ನಾಡು ಭಾರತದಲ್ಲಿ ಇನ್ನೊಂದು ಇರಲಿಕ್ಕಿಲ್ಲ. ದೇವಸ್ಥಾನದ ಉತ್ಸವ, ದೈವದ ನೇಮ, ಮದುವೆಯ ದಿಬ್ಬಣ, ಕ್ರೈಸ್ತರ ಮದುವೆಯ ಬ್ರಾಸ್ ಬ್ಯಾಂಡು, ಅಂಗಡಿಯ ಉದ್ಘಾಟನೆ ಎಲ್ಲ ಕಡೆಯೂ ಅದು ಇದೆ. ಈಗ ಅದರ ಅಗಲ ಬಾಯಿಯ ಅಂಚಿಗೆ ಒಂದು ಪುಟ್ಟ ಮೈಕು ಬಂದು ಕೂತಿದೆ. ತಂತಿ ಇಲ್ಲ, ಸ್ಟ್ಯಾಂಡ್ ಇಲ್ಲ. ವಾದಕ ವೇದಿಕೆ ಇಳಿದು ಊಟದ ಪಂಕ್ತಿಯ ನಡುವೆ ಓಡಾಡುತ್ತ ನುಡಿಸಬಲ್ಲ. ನೋಡುವವರಿಗೆ ಇದು ಬರೀ ಅನುಕೂಲ. ಆದರೆ ಈ ಅನುಕೂಲ ಸಂಗೀತವನ್ನೂ, ಅದನ್ನು ನುಡಿಸುವವರ ಬದುಕನ್ನೂ ಬದಲಿಸಿದೆ ಎಂಬುದು ನಮ್ಮ ಅಭಿಪ್ರಾಯ. ಒಳ್ಳೆಯದಕ್ಕೆಷ್ಟು, ಕೆಟ್ಟದಕ್ಕೆಷ್ಟು ಎಂದು ಸಮಾಧಾನದಿಂದ ನೋಡಬೇಕಾಗಿದೆ.

ಮೊದಲು ವಾದ್ಯದ ವಿಷಯ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯ ತಯಾರಕ 1846ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಮೈ ಹಿತ್ತಾಳೆಯದು, ಆದರೆ ಧ್ವನಿ ಹುಟ್ಟುವುದು ಬಾಯಲ್ಲಿರುವ ಒಂದು ತೆಳು ರೀಡಿನಿಂದ. ಮಿಲಿಟರಿ ಬ್ಯಾಂಡುಗಳಲ್ಲಿ ಕಹಳೆಯ ಜಾತಿಯ ವಾದ್ಯಗಳ ಗಟ್ಟಿತನವನ್ನೂ ಕ್ಲಾರಿನೆಟ್ಟಿನಂಥವುಗಳ ನಯವನ್ನೂ ಒಂದೇ ವಾದ್ಯದಲ್ಲಿ ತರುವುದು ಅವನ ಉದ್ದೇಶವಾಗಿತ್ತು. ಅಂದರೆ ಇದು ಹುಟ್ಟಿನಿಂದಲೇ ಬಯಲಿನ ವಾದ್ಯ. ಮೈಕು ಎಂಬುದು ಕಲ್ಪನೆಯಲ್ಲೂ ಇಲ್ಲದ ಕಾಲದಲ್ಲಿ, ಕವಾಯತು ಮೈದಾನದ ಇನ್ನೊಂದು ತುದಿಗೆ ಕೇಳಿಸಲೆಂದೇ ಮಾಡಿದ ವಾದ್ಯ.

ಬ್ರಿಟಿಷರ ಬ್ಯಾಂಡುಗಳ ಮೂಲಕ ಭಾರತಕ್ಕೆ ಬಂದ ಈ ವಾದ್ಯ ಮೈಸೂರು ಅರಮನೆಯ ಬ್ಯಾಂಡಿನಲ್ಲೂ ಇತ್ತು. ಅಲ್ಲಿ ಅದನ್ನು ಕೇಳಿ ಮರುಳಾದ ಹುಡುಗನೇ ಕದ್ರಿ ಗೋಪಾಲನಾಥ್. 1949ರಲ್ಲಿ ಬಂಟ್ವಾಳದ ಬಳಿ ಹುಟ್ಟಿದ ಅವರಿಗೆ ತಂದೆ ತನಿಯಪ್ಪ ನಾಗಸ್ವರದ ಪಾಠ ಹೇಳಿದ್ದರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದ್ರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರ ಗುರುಗಳಾದರು. ಕೀಗಳನ್ನು ಒತ್ತಿ ಬಿಡಿ ಬಿಡಿ ಸ್ವರ ತೆಗೆಯಲೆಂದು ಮಾಡಿದ ವಾದ್ಯದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕವನ್ನು ತರುವುದು ಸಾಧ್ಯವೇ ಇಲ್ಲ ಎಂದವರ ಮುಂದೆ ಅವರು ಅದನ್ನು ತಂದು ತೋರಿಸಿದರು. 1980ರಲ್ಲಿ ಅಂದಿನ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮೆನೇಡ್ ಕಚೇರಿ ಸರಣಿಯಲ್ಲಿ ನುಡಿಸಿದರು. ಅದೇ ವರ್ಷ ಬಂದ ‘ಡ್ಯುಯೆಟ್’ ತಮಿಳು ಚಿತ್ರದಿಂದ ಅವರ ಸ್ಯಾಕ್ಸೋಫೋನು ಶಾಸ್ತ್ರೀಯ ಸಂಗೀತ ಕೇಳದವರ ಮನೆಗೂ ಹೋಯಿತು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಕರಾವಳಿಯಲ್ಲಿ ಅವರ ದಾರಿ ಹಿಡಿದ ವಾದಕರು ಹಳ್ಳಿಹಳ್ಳಿಯಲ್ಲಿದ್ದರು.

ಈ ಇತಿಹಾಸ ಹೇಳಲು ಕಾರಣವಿದೆ. ಗಮಕ ಹುಟ್ಟುವುದು ತುಟಿಯ ಬಿಗಿತದಲ್ಲಿ, ನಾಲಗೆಯ ಚಲನೆಯಲ್ಲಿ, ಉಸಿರಿನ ಒತ್ತಡದಲ್ಲಿ. ಸ್ವರ ಏರುವಾಗ ಎಷ್ಟು ಉಸಿರು, ಇಳಿಯುವಾಗ ಎಷ್ಟು, ನಿಲ್ಲುವಾಗ ಎಷ್ಟು ಎಂಬ ಲೆಕ್ಕದಲ್ಲೇ ಕರ್ನಾಟಕ ಸಂಗೀತದ ಸ್ಯಾಕ್ಸೋಫೋನಿನ ಪ್ರಾಣ ಇದೆ. ಆದ್ದರಿಂದ ಉಸಿರಿನ ಈ ಏರಿಳಿತವನ್ನು ಕೇಳುಗನಿಗೆ ತಲುಪಿಸುವ ಸಾಧನ ಎಂಥದು ಎಂಬುದು ಬರೀ ಸೌಂಡಿನವರ ವಿಷಯವಲ್ಲ, ಸಂಗೀತದ ವಿಷಯ.

ಈ ಕ್ಲಿಪ್ ಮೈಕು ಕೆಲಸ ಮಾಡುವ ಬಗೆ ಸರಳ. ಬಟ್ಟೆ ಒಣಗಿಸುವ ಕ್ಲಿಪ್ಪಿನಂಥ ಒಂದು ಹಿಡಿಕೆ ವಾದ್ಯದ ಬಾಯಿಯ ಅಂಚನ್ನು ಕಚ್ಚಿಕೊಳ್ಳುತ್ತದೆ. ಅದರಿಂದ ಬೇಕಾದಂತೆ ಬಾಗುವ ಒಂದು ಗೇಣು ಕೊಳವೆ ಹೊರಡುತ್ತದೆ. ಅದರ ತುದಿಯಲ್ಲಿ ಬೆರಳ ತುದಿಯಷ್ಟೇ ಗಾತ್ರದ ಕಂಡೆನ್ಸರ್ ಮೈಕು. ಅದರ ಸಣ್ಣ ವೈರು ಸೊಂಟದ ಪೆಟ್ಟಿಗೆಗೆ, ಕೆಲವು ಮಾದರಿಗಳಲ್ಲಿ ವಾದ್ಯಕ್ಕೇ ಅಂಟಿಕೊಂಡ ಟ್ರಾನ್ಸ್‌ಮಿಟರಿಗೆ ಹೋಗುತ್ತದೆ. ಅಲ್ಲಿಂದ ರೇಡಿಯೋ ಅಲೆಯಾಗಿ ಹೊರಟ ಧ್ವನಿಯನ್ನು ಮಿಕ್ಸರಿನ ಬಳಿಯ ರಿಸೀವರು ಹಿಡಿಯುತ್ತದೆ. ಕೆಲವು ಸಾವಿರ ರೂಪಾಯಿಯ ಸೆಟ್ಟೂ ಸಿಗುತ್ತದೆ, ಲಕ್ಷದ ಹತ್ತಿರ ಹೋಗುವ ಸೆಟ್ಟೂ ಸಿಗುತ್ತದೆ. ನಮ್ಮ ಮದುವೆ ಹಾಲುಗಳಲ್ಲಿ ಕಾಣುವುದು ಹೆಚ್ಚಾಗಿ ಮೊದಲನೆಯದು.

ಇದರ ಉಪಕಾರವನ್ನು ಮೊದಲು ಒಪ್ಪಿಕೊಳ್ಳೋಣ. ಸ್ಟ್ಯಾಂಡಿನ ಮೈಕಿನ ಮುಂದೆ ನುಡಿಸುವವನು ಅದಕ್ಕೆ ಕಟ್ಟಿಹಾಕಿದಂತೆ ನಿಲ್ಲಬೇಕು. ಮೈಕಿನಿಂದ ದೂರ ಎರಡು ಪಟ್ಟಾದರೆ ಅದಕ್ಕೆ ತಲುಪುವ ಧ್ವನಿಯ ಒತ್ತಡ ಅರ್ಧವಾಗುತ್ತದೆ. ತಾಂತ್ರಿಕ ಲೆಕ್ಕದಲ್ಲಿ ಇದು 6 ಡೆಸಿಬೆಲ್ ಇಳಿಕೆ. ಒಂದು ಅಡಿ ದೂರದಲ್ಲಿ ನಿಂತವನು ತಾಳಕ್ಕೆ ತೂಗುತ್ತ ಇನ್ನೊಂದು ಅಡಿ ಹಿಂದೆ ಸರಿದರೆ ಸಾಕು, ಸಭೆಯಲ್ಲಿ ಕೂತವರಿಗೆ ಧ್ವನಿ ಕುಸಿದದ್ದು ಗೊತ್ತಾಗುತ್ತದೆ. ಕ್ಲಿಪ್ ಮೈಕು ವಾದ್ಯದ ಜೊತೆಗೇ ಚಲಿಸುವುದರಿಂದ ಈ ತೊಂದರೆ ಇಲ್ಲ. ಮೈಕು ವಾದ್ಯಕ್ಕೆ ಹತ್ತಿರವಿರುವುದರಿಂದ ಪಕ್ಕದ ಡೋಲಿನ ಸದ್ದು ಅದರೊಳಗೆ ನುಗ್ಗುವುದೂ ಕಡಿಮೆ, ಸ್ಪೀಕರಿನ ಧ್ವನಿ ಮರಳಿ ಮೈಕಿಗೆ ಹೊಕ್ಕು ಕೀರಲು ಕೂಗು ಏಳುವುದೂ ಕಡಿಮೆ. ಮೆರವಣಿಗೆಯಲ್ಲಿ ಗಂಟೆಗಟ್ಟಲೆ ನಡೆಯುತ್ತ ನುಡಿಸುವವರಿಗೆ, ಪ್ರಾಯ ಸಂದು ಉಸಿರು ಮೊದಲಿನಂತಿಲ್ಲದ ವಾದಕರಿಗೆ ಇದು ನಿಜವಾಗಿಯೂ ಆಸರೆ. ಇದನ್ನು ಹೀಗಳೆಯುವುದು ಸರಿಯಲ್ಲ.

ತಕರಾರು ಆರಂಭವಾಗುವುದು ಮುಂದಿನ ಪ್ರಶ್ನೆಯಿಂದ. ಸ್ಯಾಕ್ಸೋಫೋನಿನ ಧ್ವನಿ ಎಲ್ಲಿಂದ ಹೊರಬರುತ್ತದೆ? ನೋಡಿದವರೆಲ್ಲ ಅದರ ಅಗಲ ಬಾಯಿಯನ್ನು ತೋರಿಸುತ್ತಾರೆ. ಇದು ಕಣ್ಣಿನ ಮೋಸ. ಅದರ ಮೈಯುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ತೂತುಗಳಿವೆ. ಯಾವುದೇ ಸ್ವರ ನುಡಿಸಿದಾಗ ಧ್ವನಿಯ ಮುಖ್ಯ ಅಂಶ, ಅಂದರೆ ಅದರ ತಳದ ದುಂಡಗಿನ ನಾದ, ಆಗ ತೆರೆದಿರುವ ಮೊದಲ ಕೆಲವು ತೂತುಗಳಿಂದಲೇ ಹೊರಬೀಳುತ್ತದೆ. ಎಲ್ಲ ತೂತು ಮುಚ್ಚಿದ ಅತಿ ಕೆಳಗಿನ ಸ್ವರಕ್ಕೆ ಮಾತ್ರ ಪೂರ್ತಿ ಧ್ವನಿ ಬಾಯಿಯಿಂದ ಬರುತ್ತದೆ. ಉಳಿದ ಸ್ವರಗಳಲ್ಲಿ ಬಾಯಿಯವರೆಗೆ ಇಳಿದು ಬರುವುದು ಮೇಲಿನ ಕಂಪನಗಳ ಚುರುಕು ಅಂಶವೇ ಹೆಚ್ಚು. ಹಾಗಾಗಿ ಬಾಯಿಯೊಳಗೆ ಮುಖ ಹಾಕಿ ಕೂತ ಮೈಕು ಕೇಳಿಸಿಕೊಳ್ಳುವುದು ಇಡೀ ವಾದ್ಯವನ್ನಲ್ಲ. ಕೆಳಗಿನ ಸ್ವರ ಬಂದಾಗ ಅದು ಗುಡುಗುತ್ತದೆ, ನಡುವಿನ ಸ್ವರಗಳಲ್ಲಿ ತೆಳುವಾಗಿ ಕೀರಲಾಗುತ್ತದೆ. ಮಂದ್ರದಿಂದ ತಾರಕ್ಕೆ ಏರುವ ಒಂದೇ ಸಂಚಾರದಲ್ಲಿ ಮೂರು ಬೇರೆ ವಾದ್ಯಗಳು ನುಡಿದಂತೆ ಕೇಳಿಸುತ್ತದೆ.

ದೂರದಲ್ಲಿ ಕೂತ ಕೇಳುಗನ ಕಿವಿಯಲ್ಲಿ ಈ ಎಲ್ಲ ತೂತುಗಳ ಧ್ವನಿಯೂ ಬಾಯಿಯ ಧ್ವನಿಯೂ ಕೂಡಿ ಒಂದಾಗಿರುತ್ತವೆ. ನಾವು ‘ಸ್ಯಾಕ್ಸೋಫೋನಿನ ಧ್ವನಿ’ ಎಂದು ಗುರುತಿಸುವುದು ಈ ಕೂಡಿದ ಧ್ವನಿಯನ್ನು. ಯಾವ ಮನುಷ್ಯನೂ ಕಿವಿಯನ್ನು ವಾದ್ಯದ ಬಾಯಿಗೆ ನಾಲ್ಕು ಬೆರಳು ದೂರದಲ್ಲಿಟ್ಟು ಸಂಗೀತ ಕೇಳುವುದಿಲ್ಲ. ಕ್ಲಿಪ್ ಮೈಕು ಕೇಳುವುದು ಹಾಗೆ. ಅಷ್ಟು ಹತ್ತಿರದಲ್ಲಿ ಕೀಗಳು ಬಡಿಯುವ ಟಕಟಕ ಸದ್ದೂ ಅದರ ಪಾಲಿಗೆ ಸಂಗೀತವೇ. ಬಲ್ಲವರು ಇದಕ್ಕೆ ಪರಿಹಾರ ಕಂಡುಕೊಂಡಿದ್ದಾರೆ. ಕೊಳವೆಯನ್ನು ಬಾಗಿಸಿ ಮೈಕಿನ ಮುಖವನ್ನು ಬಾಯಿಯಿಂದ ಹೊರಗೆ, ವಾದ್ಯದ ಮೈಯ ಕಡೆಗೆ ತಿರುಗಿಸಿದರೆ ಧ್ವನಿ ಎಷ್ಟೋ ಸಮವಾಗುತ್ತದೆ. ಬಾಯಿಗೊಂದು ಮತ್ತು ಮೇಲಿನ ತೂತುಗಳಿಗೊಂದು ಎಂದು ಎರಡು ಮೈಕುಗಳಿರುವ ಸೆಟ್ಟುಗಳೂ ಇವೆ. ಆದರೆ ನಮ್ಮ ಹಾಲುಗಳಲ್ಲಿ ಕಣ್ಣು ಹಾಯಿಸಿದರೆ ಮೈಕು ಬಾಯಿಯ ಒಳಗೇ ಇಣುಕುತ್ತಿರುತ್ತದೆ. ಹಾಗಿಟ್ಟರೆ ಧ್ವನಿ ಜೋರು ಬರುತ್ತದೆ ಎಂಬುದೊಂದೇ ಅದಕ್ಕೆ ಕಾರಣ.

ಎರಡನೆಯ ತಕರಾರು ಹೆಚ್ಚು ಗಂಭೀರವಾದುದು. ಸ್ಟ್ಯಾಂಡಿನ ಮೈಕು ವಾದಕನನ್ನು ಕಟ್ಟಿಹಾಕುತ್ತಿತ್ತು ನಿಜ, ಆದರೆ ಆ ದೂರವನ್ನು ಆಳುತ್ತಿದ್ದವನು ಅವನೇ. ಅನುಭವಸ್ಥ ವಾದಕ ಮೆಲುದನಿಯ ಆಲಾಪನೆಗೆ ಮೈಕಿನ ಹತ್ತಿರ ಬಾಗುತ್ತಿದ್ದ. ತಾರಸ್ಥಾಯಿಯಲ್ಲಿ ಪೂರ್ತಿ ಉಸಿರು ಬಿಡುವಾಗ ವಾದ್ಯವನ್ನು ಪಕ್ಕಕ್ಕೆ ತಿರುಗಿಸುತ್ತಿದ್ದ. ಪಿಟೀಲಿನವರ ಸರದಿ ಬಂದಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಇದು ಯಾರೂ ಪಾಠ ಹೇಳಿಕೊಡದ, ಆದರೆ ಕಚೇರಿಯ ಸೌಜನ್ಯಕ್ಕೆ ಬೇಕಾದ ವಿದ್ಯೆ. ಕ್ಲಿಪ್ ಮೈಕಿನಲ್ಲಿ ದೂರ ಎಂಬುದೇ ಇಲ್ಲ. ಹತ್ತಿರ ಬಾಗಿದರೂ ಅಷ್ಟೇ, ಹಿಂದೆ ಸರಿದರೂ ಅಷ್ಟೇ. ಮೆಲ್ಲಗೆ ನುಡಿಸಿದರೆ ಮಿಕ್ಸರಿನಲ್ಲಿ ಕೂತವರು ಏರಿಸುತ್ತಾರೆ, ಜೋರಾಗಿ ನುಡಿಸಿದರೆ ಇಳಿಸುತ್ತಾರೆ. ಕೆಲವು ಸಲ ಆ ಕೆಲಸವನ್ನು ಕಂಪ್ರೆಸರ್ ಎಂಬ ಯಂತ್ರಕ್ಕೇ ಬಿಟ್ಟಿರುತ್ತಾರೆ. ವಾದಕ ಉಸಿರು ಕಟ್ಟಿ ರೂಪಿಸಿದ ಏರಿಳಿತ ಇನ್ನೊಬ್ಬರ ಬೆರಳ ತುದಿಯಲ್ಲಿ ನೆಲಸಮವಾಗುತ್ತದೆ. ಉಸಿರು ಒಬ್ಬರದು, ಹಿಡಿತ ಇನ್ನೊಬ್ಬರದು.

ಸೌಂಡಿನವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಬೆಳಿಗ್ಗೆ ಸ್ಪೀಕರು ಹೊತ್ತು ತಂದು, ಮಧ್ಯಾಹ್ನ ಯಕ್ಷಗಾನದ ಭಾಗವತರಿಗೂ ಸಂಜೆ ಆರ್ಕೆಸ್ಟ್ರಾಕ್ಕೂ ಮೈಕು ಕಟ್ಟಿ, ರಾತ್ರಿ ವೈರು ಸುತ್ತುವ ಹುಡುಗರಿಗೆ ಸಂಗೀತ ಕೇಳಿಸಿಕೊಳ್ಳಲು ಯಾರೂ ಕಲಿಸಿಲ್ಲ. ಅವರಿಗೆ ಯಾರೂ ಒಳ್ಳೆಯ ಮಾತು ಹೇಳುವುದಿಲ್ಲ. ಎಲ್ಲ ಸರಿಯಿದ್ದರೆ ಅವರು ಯಾರಿಗೂ ಕಾಣಿಸುವುದಿಲ್ಲ, ಕೆಟ್ಟರೆ ಮಾತ್ರ ಎಲ್ಲರ ಕತ್ತು ಅವರ ಕಡೆ ತಿರುಗುತ್ತದೆ. ಕಲಾವಿದನಷ್ಟೇ ಹೊಣೆಯನ್ನು ಅವರ ಹೆಗಲಿಗೆ ಹಾಕಿ, ಕಲಾವಿದನಿಗೆ ಸಿಗುವ ಗೌರವದಲ್ಲಿ ಕಾಲುಪಾಲನ್ನೂ ಕೊಡದಿರುವುದು ನಮ್ಮ ಸಾಂಸ್ಕೃತಿಕ ಲೋಕದ ಹಳೆಯ ಚಾಳಿ.

ಮೂರನೆಯದು ಸದ್ದಿನ ಪೈಪೋಟಿ. ಸ್ಯಾಕ್ಸೋಫೋನು ಹತ್ತಿರದಲ್ಲಿ ಸುಲಭವಾಗಿ 90 ಡೆಸಿಬೆಲ್ ದಾಟುವ ವಾದ್ಯ. ಡೋಲಿನ ಮಾತಂತೂ ಹೇಳಬೇಕಿಲ್ಲ. ಮುನ್ನೂರು ಜನ ಕೂರುವ ಹಾಲಿನಲ್ಲಿ ಇವೆರಡಕ್ಕೂ ಮೈಕು ಯಾಕೆ? ಉತ್ತರ ವಿಚಿತ್ರವಾಗಿದೆ. ಪಿಟೀಲು, ಮೃದಂಗ, ಮೋರ್ಸಿಂಗುಗಳಿಗೆ ಮೈಕು ಬೇಕಾಯಿತು. ಅವು ಸ್ಪೀಕರಿನಲ್ಲಿ ಬಂದ ಮೇಲೆ ಸ್ಯಾಕ್ಸೋಫೋನು ಸ್ಪೀಕರಿನಲ್ಲಿ ಬರದಿದ್ದರೆ ಅದು ಬೇರೆಲ್ಲಿಂದಲೋ ಕೇಳಿಸಿದಂತಾಗುತ್ತದೆ. ಆದ್ದರಿಂದ ಅದಕ್ಕೂ ಮೈಕು. ಅದು ಏರಿದ ಮೇಲೆ ಪಿಟೀಲು ಕೇಳಿಸುವುದಿಲ್ಲ, ಆದ್ದರಿಂದ ಪಿಟೀಲನ್ನು ಇನ್ನೊಂದಿಷ್ಟು ಏರಿಸಬೇಕು. ಜನ ಒಬ್ಬರಿಗೊಬ್ಬರು ಕೇಳಿಸಲೆಂದು ಗಟ್ಟಿಯಾಗಿ ಮಾತಾಡಬೇಕು, ಆ ಮಾತನ್ನು ಮೀರಲು ಸ್ಪೀಕರು ಮತ್ತೆ ಏರಬೇಕು. ಕೊನೆಗೆ ನವವಧುವಿನ ಅಜ್ಜಿ ಕಿವಿಗೆ ಸೆರಗು ಒತ್ತಿಕೊಂಡು ಮೂಲೆಯ ಕುರ್ಚಿ ಹುಡುಕುತ್ತಾಳೆ.

ಇದಕ್ಕೆ ಕಾನೂನಿನ ಮಿತಿಗಳಿವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಮತ್ತು ಧಾರ್ಮಿಕ ಉತ್ಸವಗಳಿಗೆ ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55, ರಾತ್ರಿಯದು 45. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ವಿವರವಾದ ತೀರ್ಪು ಕೊಟ್ಟಿದೆ. ಈ ಚರ್ಚೆ ನಮ್ಮಲ್ಲಿ ಏಳುವುದು ಹೆಚ್ಚಾಗಿ ಯಾವ ಧರ್ಮದವರ ಮೈಕು ಎಂಬ ಜಗಳವಾಗಿ. ಮಸೀದಿಯದ್ದಾಗಲಿ, ದೇವಸ್ಥಾನದ್ದಾಗಲಿ, ಇಗರ್ಜಿಯದ್ದಾಗಲಿ, ಮದುವೆ ಹಾಲಿನದ್ದಾಗಲಿ, ಕಿವಿಯ ಪರದೆಗೆ ಜಾತಿ ಇಲ್ಲ. ಗೋಡೆಗಳ ಒಳಗಿನ ಸದ್ದಿಗೂ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದು ಅಳತೆ ಸೂಚಿಸಿದೆ: ಮನರಂಜನೆಯ ಸ್ಥಳಗಳಲ್ಲಿ 15 ನಿಮಿಷಗಳ ಸರಾಸರಿ 100 ಡೆಸಿಬೆಲ್ ಮೀರಬಾರದು. ಎಲ್ಲರಿಗಿಂತ ಹೆಚ್ಚು ಹೊತ್ತು ಆ ಸದ್ದಿನಲ್ಲಿರುವವರು ವಾದಕರು ಮತ್ತು ಸೌಂಡಿನವರು. ಅವರ ಕಿವಿಯೇ ಅವರ ಬಂಡವಾಳ.

ಇನ್ನು ‘ತಂತಿ ಇಲ್ಲ’ ಎಂಬ ಗುಣದ ಬೆಲೆ. ತಂತಿ ತೆಗೆದ ಜಾಗದಲ್ಲಿ ರೇಡಿಯೋ ಅಲೆ ಬಂದಿದೆ. ಅದಕ್ಕೆ ತನ್ನದೇ ಕಷ್ಟಗಳಿವೆ. ಹಳೆಯ ಅನಲಾಗ್ ಸೆಟ್ಟುಗಳು ಧ್ವನಿಯ ಏರಿಳಿತವನ್ನು ಮೊದಲು ಅರ್ಧಕ್ಕೆ ಒತ್ತಿ ಕಳಿಸುತ್ತವೆ, ಆಚೆ ಬದಿಯಲ್ಲಿ ಅದನ್ನು ಮತ್ತೆ ಬಿಡಿಸುತ್ತವೆ. ಅಗ್ಗದ ಸೆಟ್ಟಿನಲ್ಲಿ ಈ ಒತ್ತುವ ಬಿಡಿಸುವ ಕೆಲಸ ಸರಿಯಾಗಿ ಆಗುವುದಿಲ್ಲ, ಸ್ವರ ನಿಂತ ಮೇಲೂ ಅದರ ಹಿಂದೆ ಉಸ್ಸೆಂಬ ಸದ್ದು ಏದುಸಿರು ಬಿಡುತ್ತದೆ. ಡಿಜಿಟಲ್ ಸೆಟ್ಟುಗಳಲ್ಲಿ ಧ್ವನಿ ಕೆಲವು ಮಿಲಿಸೆಕೆಂಡು ತಡವಾಗಿ ಬರುತ್ತದೆ. ಇದರ ಬಗ್ಗೆ ಅನಗತ್ಯ ಭಯವಿದೆ. ಗಾಳಿಯಲ್ಲಿ ಧ್ವನಿ ಒಂದು ಮೀಟರು ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು, ಅಂದರೆ ಇದು ಒಂದೆರಡು ಹೆಜ್ಜೆ ದೂರ ನಿಂತು ಕೇಳಿದಷ್ಟೇ ತಡ.

ನಿಜವಾದ ಭಯ ಸಂಕೇತ ತಪ್ಪುವುದು. ಅಗ್ಗದ ಅನೇಕ ಸೆಟ್ಟುಗಳು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಗೆ ಭಾರತದಲ್ಲಿ ಪರವಾನಗಿ ಬೇಕಿಲ್ಲ. ಅದಕ್ಕೇ ಅಲ್ಲಿ ಸಂತೆ ನೆರೆದಿದೆ. ವೈಫೈ, ಬ್ಲೂಟೂತ್, ಸಭೆಯ ಪ್ರತಿಯೊಬ್ಬರ ಜೇಬಿನ ಮೊಬೈಲು ಎಲ್ಲವೂ ಅದೇ ಓಣಿಯಲ್ಲಿ ಓಡಾಡುತ್ತವೆ. ಮನುಷ್ಯರ ಮೈ ಈ ಅಲೆಯನ್ನು ಹೀರುತ್ತದೆ. ಬೆಳಿಗ್ಗೆ ಖಾಲಿ ಹಾಲಿನಲ್ಲಿ ಪರೀಕ್ಷಿಸಿದಾಗ ಚೆನ್ನಾಗಿದ್ದ ಮೈಕು ಐನೂರು ಜನ ಸೇರಿದ ಮೇಲೆ ಕಡಿದು ಕಡಿದು ಬರುವುದು ಹೀಗೆ. 700 ಮೆಗಾಹರ್ಟ್ಸ್ ಆಸುಪಾಸಿನ ಹಳೆಯ ಸೆಟ್ಟುಗಳ ಕಥೆ ಬೇರೆ. ಆ ಪಟ್ಟಿ 2022ರ ಹರಾಜಿನಲ್ಲಿ 5ಜಿ ಮೊಬೈಲ್ ಸೇವೆಗೆ ಹೋಗಿದೆ. ಅಮೆರಿಕದಲ್ಲಿ 2010ರಲ್ಲೇ ಆ ಪಟ್ಟಿಯಿಂದ ವೈರ್‌ಲೆಸ್ ಮೈಕುಗಳನ್ನು ಹೊರಹಾಕಿದ್ದರು. ಅಂಥ ಹಳೆಯ ಸೆಟ್ಟನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ವಾದಕ ಕೊಳ್ಳುವುದು ತಲೆನೋವನ್ನು. ಒಂದು ರಾಗದ ನಡುವೆ ಎರಡು ಕ್ಷಣ ಧ್ವನಿ ಮಾಯವಾದರೆ ಸಭೆ ನಗುವುದು ರೇಡಿಯೋ ಅಲೆಯನ್ನು ನೋಡಿ ಅಲ್ಲ, ವಾದಕನನ್ನು ನೋಡಿ.

ಉಳಿದ ಗಾಳಿವಾದ್ಯಗಳ ಕಡೆಗೂ ಒಮ್ಮೆ ನೋಡೋಣ, ಏಕೆಂದರೆ ಹಿರಿಯರು ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟಿದ್ದಾರೆ. ನಾಗಸ್ವರದಲ್ಲಿ ಹಿಂದೆ ಎತ್ತರದ ಶ್ರುತಿಯ ಗಿಡ್ಡ ‘ತಿಮಿರಿ’ ಚಾಲ್ತಿಯಲ್ಲಿತ್ತು. ಟಿ.ಎನ್. ರಾಜರತ್ನಂ ಪಿಳ್ಳೆ ಉದ್ದನೆಯ, ತಗ್ಗಿನ ಶ್ರುತಿಯ ‘ಬಾರಿ’ ನಾಗಸ್ವರವನ್ನು ಜನಪ್ರಿಯಗೊಳಿಸಿದರು. ಕೊಳಲಿನಲ್ಲಿ ಪನ್ನಾಲಾಲ್ ಘೋಷ್ ಉದ್ದದ ದೊಡ್ಡ ಬಾನ್ಸುರಿಯನ್ನು ತಂದು ಮಂದ್ರದ ಗಾಂಭೀರ್ಯವನ್ನು ಸೇರಿಸಿದರು. ಧ್ವನಿ ಬದಲಾಗಬೇಕೆಂದಾಗ ಅವರು ಮೊದಲು ವಾದ್ಯವನ್ನೂ ಉಸಿರನ್ನೂ ಬದಲಿಸಿದರು. ಅರಮನೆಯ ದ್ವಾರದ ಮೇಲಿನ ನೌಬತ್ತಿನಲ್ಲಿ ಊರಿಗೆಲ್ಲ ಕೇಳಿಸಲೆಂದು ಊದುತ್ತಿದ್ದ ಶಹನಾಯಿಯನ್ನು ಬಿಸ್ಮಿಲ್ಲಾ ಖಾನ್ ಮೆಹಫಿಲ್ಲಿನ ನಡುವೆ ಕೂರಿಸಿದ್ದು ಉಸಿರನ್ನು ತಗ್ಗಿಸುವ ಕಲೆಯಿಂದ. ಗಟ್ಟಿ ವಾದ್ಯವನ್ನು ಪಿಸುಗುಡಿಸುವುದು ಹೇಗೆಂದು ತಿಳಿಯಬೇಕಾದವರು ಅವರನ್ನು ಕೇಳಬೇಕು. 1977ರ ‘ಸನಾದಿ ಅಪ್ಪಣ್ಣ’ ಚಿತ್ರದ ಮೂಲಕ ಕನ್ನಡದ ಮನೆಮನೆಗೂ ಅವರ ಉಸಿರು ಪರಿಚಿತ. ಕಾಶಿಯ ದೇಗುಲದಲ್ಲಿ ಅವರೂ, ಶ್ರೀರಂಗದಲ್ಲಿ ನಾಗಸ್ವರದ ಶೇಖ್ ಚಿನ್ನಮೌಲಾನಾ ಅವರೂ ನುಡಿಸಿದಾಗ ಕೇಳುಗರು ಗುರುತಿಸಿದ್ದು ಅವರ ಉಸಿರಿನ ಚಹರೆಯನ್ನು. ನಾಲ್ಕು ಸ್ವರ ಕೇಳಿದರೆ ಸಾಕಿತ್ತು, ಇವರು ಇಂಥವರು ಎಂದು ಹೇಳಬಹುದಿತ್ತು. ಎಲ್ಲ ವಾದಕರಿಗೂ ಒಂದೇ ಬಗೆಯ ಮೈಕು, ಒಂದೇ ಕಡೆ ಸಿಕ್ಕಿಸಿ, ಒಂದೇ ಬಗೆಯ ಪ್ರತಿಧ್ವನಿ ಬೆರೆಸಿದರೆ ಈ ಚಹರೆ ಅಳಿಯುತ್ತದೆ.

ಕೊಳಲಿಗೆ ಮಾತ್ರ ಬೇರೆ ನ್ಯಾಯ ಅನ್ವಯಿಸಬೇಕು. ಅದು ಮೆಲುದನಿಯ ವಾದ್ಯ, ಅದರ ಮಂದ್ರ ದೊಡ್ಡ ಸಭೆಯ ಹಿಂದಿನ ಸಾಲಿಗೆ ತಾನಾಗಿ ತಲುಪದು. ಅಲ್ಲಿ ಮೈಕು ಉಪಕಾರಿ. ಊದುವ ತೂತಿನ ನೇರಕ್ಕೆ ಇಡದೆ ಸ್ವಲ್ಪ ಓರೆಯಾಗಿ ಇಟ್ಟರೆ ಉಸಿರಿನ ಭುಸುಗುಟ್ಟುವಿಕೆಯೂ ತಗ್ಗುತ್ತದೆ. ಅಂದರೆ ಮೈಕು ಬೇಕೋ ಬೇಡವೋ ಎಂಬುದಕ್ಕೆ ಎಲ್ಲ ವಾದ್ಯಗಳಿಗೂ ಒಂದೇ ಉತ್ತರ ಇಲ್ಲ. ವಾದ್ಯ ಯಾವುದು, ಜಾಗ ಎಷ್ಟು, ಜೊತೆಗೆ ಯಾರಿದ್ದಾರೆ ಎಂದು ನೋಡಿ ಹೇಳಬೇಕು.

ನಾವು ಎಲ್ಲಕ್ಕಿಂತ ಹೆಚ್ಚು ಚಿಂತೆಯಿಂದ ನೋಡುತ್ತಿರುವುದು ಹೊಟ್ಟೆಪಾಡಿನ ಪ್ರಶ್ನೆಯನ್ನು. ಸ್ಯಾಕ್ಸೋಫೋನಿನ ಒಂದು ಮೇಳ ಎಂದರೆ ಹಿಂದೆ ಮುಖ್ಯ ವಾದಕ, ಜೊತೆಗೆ ಇನ್ನೊಬ್ಬ ವಾದಕ, ಡೋಲು, ತಾಳ, ಶ್ರುತಿ ಎಂದು ನಾಲ್ಕೈದು ಮಂದಿ. ಒಂದು ಮದುವೆಯ ಸಂಭಾವನೆಯಲ್ಲಿ ನಾಲ್ಕೈದು ಮನೆಗಳ ಒಲೆ ಉರಿಯುತ್ತಿತ್ತು. ಈಗ ಆರತಕ್ಷತೆಗಳಲ್ಲಿ ಕಾಣುವುದು ಒಬ್ಬನೇ ವಾದಕ. ಸಿನಿಮಾ ಹಾಡಿನ ಹಿನ್ನೆಲೆ ಸಂಗೀತ ಪೆನ್‌ಡ್ರೈವಿನಿಂದ ಬರುತ್ತದೆ, ಅದರ ಮೇಲೆ ಇವನು ವೈರ್‌ಲೆಸ್ ಸ್ಯಾಕ್ಸೋಫೋನಿನಲ್ಲಿ ಪಲ್ಲವಿ ನುಡಿಸುತ್ತ ಮೇಜಿನಿಂದ ಮೇಜಿಗೆ ನಡೆಯುತ್ತಾನೆ. ಮೈಕು ಒಂದೇ ಇದಕ್ಕೆ ಕಾರಣ ಎಂದರೆ ಅನ್ಯಾಯವಾದೀತು. ಖರ್ಚು ಉಳಿಸುವ ಆಸೆ, ಸಿನಿಮಾ ಹಾಡಿನ ಬೇಡಿಕೆ ಎಲ್ಲವೂ ಕೂಡಿವೆ. ಆದರೆ ಆ ಸಣ್ಣ ಕ್ಲಿಪ್ಪು ಇಲ್ಲದಿದ್ದರೆ ಈ ಏಕಾಂಗಿ ಮೆರವಣಿಗೆ ಸಾಧ್ಯವಾಗುತ್ತಿರಲಿಲ್ಲ.

ಹಾಗೆ ನಡೆಯುವ ವಾದಕನಿಗಾದರೂ ಲಾಭವಾಯಿತೇ? ಹಣ ಸ್ವಲ್ಪ ಹೆಚ್ಚು ಬಂದಿರಬಹುದು. ಆದರೆ ಟ್ರ್ಯಾಕಿನ ಶ್ರುತಿ ಬದಲಾಗುವುದಿಲ್ಲ, ಅದರ ಲಯ ಯಾರಿಗಾಗಿಯೂ ಕಾಯುವುದಿಲ್ಲ. ಹುರುಪು ಬಂದಾಗ ಇನ್ನೊಂದು ಸುತ್ತು ಸ್ವರ ಹಾಕಲು ಜಾಗ ಇಲ್ಲ. ಡೋಲಿನವನ ಕಣ್ಣು ನೋಡಿ ಮುಗುಳ್ನಗಲು ಡೋಲಿನವನೇ ಇಲ್ಲ. ತಲೆಮಾರುಗಳಿಂದ ವಾದ್ಯ ಹಿಡಿದ ಕುಟುಂಬಗಳ ಹುಡುಗರು ಕಲಿತ ಮನೋಧರ್ಮ, ಇಪ್ಪತ್ತು ನಿಮಿಷದ ಆಲಾಪನೆ, ಅಂಗಳದಲ್ಲಿ ಬೆಳಗಿನ ಚಳಿಗೆ ಮಾಡಿದ ಸಾಧನೆ ಎಲ್ಲ ಮೂರು ನಿಮಿಷದ ಹಾಡಿನ ಅಲಂಕಾರವಾಗಿ ಮುಗಿಯುತ್ತಿದೆ. ಮೈಕು ಮೆಲ್ಲಗಿನ ಉಸಿರನ್ನೂ ದೊಡ್ಡದು ಮಾಡುತ್ತದೆಂದು ಗೊತ್ತಾದ ಮೇಲೆ ಪೂರ್ತಿ ಉಸಿರಿನ ಸಾಧನೆ ಯಾಕೆ ಎಂಬ ಪ್ರಶ್ನೆ ಕಲಿಯುವವರಲ್ಲಿ ಏಳುವುದೂ ಸಹಜ. ಆದರೆ ಮೈಕು ದೊಡ್ಡದು ಮಾಡಬಲ್ಲದೇ ಹೊರತು ಇಲ್ಲದ್ದನ್ನು ಹುಟ್ಟಿಸಲಾರದು. ಬೆಂಬಲವಿಲ್ಲದ ಉಸಿರಿನ ಸ್ವರ ಸಾವಿರ ವಾಟ್ಸಿನ ಸ್ಪೀಕರಿನಲ್ಲಿ ಸಾವಿರ ವಾಟ್ಸಿನಷ್ಟೇ ಬೋಳಾಗಿ ಕೇಳಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಕ್ಲಿಪ್ ಮೈಕನ್ನು ಕಿತ್ತೆಸೆಯಬೇಕೆಂದು ನಾವು ಹೇಳುತ್ತಿಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸುವ ಅಧಿಕಾರ ನುಡಿಸುವವರ ಕೈಗೆ ಮರಳಬೇಕು. ಮುನ್ನೂರು ಜನರ ಹಾಲಿನಲ್ಲಿ ಸ್ಯಾಕ್ಸೋಫೋನಿನ ಬದಲು ಪಿಟೀಲಿಗೆ ಮಾತ್ರ ಸ್ವಲ್ಪ ಮೈಕು ಕೊಟ್ಟು ಒಂದು ಸಂಜೆ ನುಡಿಸಿ ನೋಡಬಹುದು. ಕೂತು ನುಡಿಸುವ ಕಚೇರಿಗೆ ತಂತಿ ಇರುವ ಒಳ್ಳೆಯ ಮೈಕನ್ನು ಸ್ಟ್ಯಾಂಡಿನಲ್ಲಿ ವಾದ್ಯದ ಮೈ ನೋಡುವಂತೆ ಒಂದೂವರೆ ಅಡಿ ದೂರದಲ್ಲಿಟ್ಟರೆ ಸಾಕು. ಅದೇ ಹಣಕ್ಕೆ ಅಗ್ಗದ ವೈರ್‌ಲೆಸ್ಸಿಗಿಂತ ಎಷ್ಟೋ ಮೇಲಾದ ಧ್ವನಿ ಸಿಗುತ್ತದೆ. ಮೆರವಣಿಗೆಗೆ, ನಡೆದಾಡುವ ಕಾರ್ಯಕ್ರಮಕ್ಕೆ ಕ್ಲಿಪ್ ಮೈಕು ಇರಲಿ, ಆದರೆ ಅದರ ಮುಖ ವಾದ್ಯದ ಬಾಯಿಯಿಂದ ಹೊರಗೆ ತಿರುಗಲಿ. ಬ್ಯಾಟರಿ ಹೊಸದಿರಲಿ. ರಿಸೀವರನ್ನು ಸ್ಪೀಕರಿನ ಹಿಂದೆ ಅಡಗಿಸದೆ ವಾದಕ ಕಾಣುವ ಎತ್ತರದ ಜಾಗದಲ್ಲಿಡಲಿ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ವಾದಕ ಮತ್ತು ಸೌಂಡಿನವರು ಮುಖಾಮುಖಿ ಕೂತು, ಅತಿ ಮೆಲ್ಲಗಿನ ಸ್ವರ ಇಷ್ಟು, ಅತಿ ಜೋರಿನದ್ದು ಇಷ್ಟು ಎಂದು ಗುರುತಿಸಿಕೊಳ್ಳಲಿ. ಆಮೇಲೆ ಆ ಗುಂಡಿಯನ್ನು ಮುಟ್ಟದಿರಲಿ. ಆ ಅರ್ಧ ಗಂಟೆಯನ್ನು ಸಂಘಟಕರು ಗಣ್ಯರ ಸನ್ಮಾನಕ್ಕೆ ಕೊಡದೆ ಉಳಿಸಬೇಕು. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ ಎಂದು ನಮಗೆ ಗೊತ್ತಿದೆ.

ಮದುವೆ ಮಾಡುವವರಿಗೂ ಒಂದು ಮಾತು. ಹೂವಿನ ಮಂಟಪಕ್ಕೆ, ಡ್ರೋನ್ ಕ್ಯಾಮರಾಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ಸಾಕು, ಪೂರ್ತಿ ಮೇಳವನ್ನು ಕರೆಸಲು. ಕರೆಸಿದ ಮೇಲೆ ಅವರನ್ನು ಹಾಲಿನ ಬಾಗಿಲ ಹೊರಗೆ ನಿಲ್ಲಿಸದೆ, ಕೇಳಿಸುವ ಕಡೆ ಕೂರಿಸಬೇಕು. ಒಳ್ಳೆಯ ಜಾಗ ಕೊಟ್ಟರೆ ಅರ್ಧದಷ್ಟು ಮೈಕು ತಾನಾಗಿಯೇ ಬೇಡವಾಗುತ್ತದೆ. ದೂರದಲ್ಲಿ ನಿಲ್ಲಿಸಿ ಆಮೇಲೆ ಯಂತ್ರದಿಂದ ಹತ್ತಿರ ತರುವ ಕ್ರಮ ಸಂಗೀತಕ್ಕೂ ಮರ್ಯಾದೆಯಲ್ಲ, ಮನುಷ್ಯನಿಗೂ ಅಲ್ಲ.

ನಮ್ಮ ವಿಮರ್ಶಕರು ಇನ್ನು ಮುಂದೆ ಆ ಕೊನೆಯ ಸಾಲನ್ನು ಬಿಟ್ಟು, ಮೈಕು ಎಲ್ಲಿತ್ತು, ಮಂದ್ರ ಹೇಗೆ ಕೇಳಿಸಿತು, ಪಿಟೀಲು ಉಳಿಯಿತೇ, ಮಿಕ್ಸರಿನಲ್ಲಿ ಕೂತವರು ಯಾರು ಎಂದು ಬರೆಯಲಿ. ಒಳ್ಳೆಯ ಕೆಲಸ ಮಾಡಿದ ಸೌಂಡಿನ ಹುಡುಗನ ಹೆಸರು ಪಕ್ಕವಾದ್ಯದವರ ಹೆಸರಿನ ಜೊತೆ ಅಚ್ಚಾಗಲಿ. ಹೆಸರು ಬಂದಲ್ಲಿ ಹೊಣೆಯೂ ಬರುತ್ತದೆ, ಹೊಣೆ ಬಂದಲ್ಲಿ ಕಿವಿಯೂ ತೆರೆಯುತ್ತದೆ.